ಅನಸ್ತೇಶಿಯಾ ಡಾಕ್ಟ್ರಿಗೆ ಐದು ಸ್ಟಾರ್, ವಾರ್ಡಿಗೆ ಎರಡು

ಅಮ್ಮನ ಮೊಣಗಂಟು ಬದಲಿಸುವ ಆಪರೇಷನ್ ಮಂಗಳೂರಿನ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಆಯಿತು. ಹೆಸರು ಬೇಡ. ಮೂಳೆ ಡಾಕ್ಟ್ರ ಬಗ್ಗೆ ಎಲ್ಲರೂ ಬರೆಯುತ್ತಾರೆ, ಅನಸ್ತೇಶಿಯಾದವರನ್ನು ಯಾರು ನೆನೆಸುತ್ತಾರೆ?

ಅವರ ಒಪಿಡಿಯಲ್ಲಿ ಕ್ಯೂ ಉದ್ದ, ಕುರ್ಚಿ ಕಡಿಮೆ. ಒಳಗೆ ಮಾತ್ರ ಅವಸರವೇ ಇರಲಿಲ್ಲ. ಬಾಯಿ ತೆರೆಸಿ ನೋಡಿದರು, ಅಲ್ಲಾಡುವ ಹಲ್ಲು ಇದೆಯಾ ಕೇಳಿದರು. ಬಿಪಿ ಮಾತ್ರೆಗಳಲ್ಲಿ ಅಮ್ಲೋಡಿಪಿನ್ ಆಪರೇಷನ್ ದಿನವೂ ಒಂದು ಗುಟುಕು ನೀರಲ್ಲಿ ತಗೊಳ್ಳಿ, ಟೆಲ್ಮಿಸಾರ್ಟನ್ ಬೇಡ ಅಂದರು. ಲಘು ಊಟವಾದರೆ 6 ಗಂಟೆ ಮೊದಲೇ ಮುಗಿಸಬೇಕು, ಎಣ್ಣೆ ತಿಂಡಿಯಾದರೆ 8. ಬರೀ ನೀರು 2 ಗಂಟೆ ಮೊದಲಿನವರೆಗೂ ಆಗಬಹುದು.

"ಗಂಜಿ ತಿಳಿ ಆಗ್ತದಾ?" ಅಂತ ಅಮ್ಮ.

"ಇಲ್ಲಮ್ಮ, ಅದು ಊಟದ ಲೆಕ್ಕ. ಬೇಕಾದ್ರೆ ಹಾಲು ಹಾಕದ ಚಾ ಕುಡೀರಿ."

ಆಮೇಲೆ ಒಬ್ಬ ಪಿಜಿ ಹುಡುಗಿ (ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿರುವ ಡಾಕ್ಟ್ರು) ಬಂದು, ಒಂದು ಅಧ್ಯಯನಕ್ಕೆ ಸೇರ್ತೀರಾ ಕೇಳಿದಳು. ತೊಡೆಯ ಒಳಬದಿಯ ನರದ ಹತ್ತಿರ ನೋವು ತಿಳಿಯದಂತೆ ಕೊಡುವ ಇಂಜೆಕ್ಷನ್‌ಗೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟಿರಾಯ್ಡ್ ಮದ್ದು ಸೇರಿಸಿದರೆ ನೋವು ಜಾಸ್ತಿ ಹೊತ್ತು ದೂರ ಇರುತ್ತದಾ ಅಂತ ನೋಡುವುದು. ಆ ಮದ್ದಿಗೆ ಶುಗರ್ ಏರುತ್ತದೆ, ಹಾಗಾಗಿ ಸಕ್ಕರೆ ಕಾಯಿಲೆಯವರನ್ನು ಸೇರಿಸಿಕೊಳ್ಳುವುದಿಲ್ಲವಂತೆ. ನನಗೆ ಮೊದಲು ಸಿಟ್ಟೇ ಬಂತು, ಅಮ್ಮನ ಮೇಲೆ ಪ್ರಯೋಗವಾ ಅಂತ. ಆದರೆ ಕನ್ನಡದಲ್ಲಿ ಅಚ್ಚಾದ ಹಾಳೆ ಕೊಟ್ಟಳು. ಬೇಡ ಅಂದರೂ ಚಿಕಿತ್ಸೆ ಬದಲಾಗಲ್ಲ, ನಡುವೆ ಯಾವಾಗ ಬೇಕಾದರೂ ಬಿಡಬಹುದು ಅಂತ ಅದರಲ್ಲೇ ಇತ್ತು. ಸಿಟಿಆರ್‌ಐ (ದೇಶದಲ್ಲಿ ರೋಗಿಗಳ ಮೇಲೆ ನಡೆಯುವ ಇಂಥ ಅಧ್ಯಯನಗಳನ್ನು ದಾಖಲಿಸುವ ರಿಜಿಸ್ಟ್ರಿ) ನಂಬರೂ ಇತ್ತು. 2007ರಲ್ಲಿ ಶುರುವಾದ ಈ ರಿಜಿಸ್ಟ್ರಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ನಾನು ಫೋನಲ್ಲೇ ಹುಡುಕಿದೆ, ಸಿಕ್ಕಿತು. ನರ್ಸ್ ಎಲ್ಲವನ್ನೂ ತುಳುವಿನಲ್ಲಿ ಇನ್ನೊಮ್ಮೆ ಹೇಳಿದ ಮೇಲೆಯೇ ಅಮ್ಮ ಸಹಿ ಹಾಕಿದ್ದು.

ಕೆಟ್ಟದ್ದು ವಾರ್ಡಿನದ್ದು. ರಾತ್ರಿ ಹತ್ತಕ್ಕೇ ನೀರಿನ ಬಾಟಲಿ ಎತ್ತಿಟ್ಟರು. ಒಪಿಡಿಯಲ್ಲಿ ಹೇಳಿದ್ದನ್ನು ಹೇಳಿದರೆ "ಇಲ್ಲಿ ಎಲ್ಲರಿಗೂ ಹೀಗೇ" ಅಂತ ಉತ್ತರ. ಅಮ್ಮನ ಸರದಿ ಬಂದದ್ದು ಮಧ್ಯಾಹ್ನ! ಬಾಯಿ ಒಣಗಿ, ತಲೆನೋವು ಬೇರೆ. ಅದೇ ಆಸ್ಪತ್ರೆಯ ಡಾಕ್ಟ್ರ ಮಾತು ಅದೇ ಆಸ್ಪತ್ರೆಯ ವಾರ್ಡಿಗೆ ತಲುಪುವುದಿಲ್ಲ ಅಂದರೆ ಏನು ಹೇಳೋಣ?

ಸ್ಪೈನಲ್ (ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವುದು) ಕೊಟ್ಟರು, ಅಮ್ಮ ಎಚ್ಚರವಾಗಿಯೇ ಇದ್ದರು. ಒಳಗೆ ಚಳಿ ಅಂದಾಗ ಬಿಸಿ ಗಾಳಿಯ ಹೊದಿಕೆ ಹಾಕಿದರಂತೆ. ರಾತ್ರಿ ಬೇರೊಬ್ಬ ಪಿಜಿ ಬಂದು ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಅಂತ ಕೇಳಿದ. ಅಮ್ಮ ಯಾವ ಗುಂಪು, ಅಂದರೆ ಆ ಮದ್ದು ಸೇರಿಸಿದವರದ್ದಾ ಸೇರಿಸದವರದ್ದಾ ಅಂತ ಅವನಿಗೂ ಗೊತ್ತಿರಬಾರದಂತೆ, ಇಲ್ಲದಿದ್ದರೆ ಅಂಕ ವಾಲುತ್ತದೆ ಅಲ್ವಾ. ಅಮ್ಮ ಮೂರೂವರೆ ಅಂದರು. ಅರೆ ಅಂಕ ಬರೆಯಲು ಜಾಗ ಇಲ್ಲ ಅಂತ ಅವನು ನಕ್ಕ. ಮಾರನೇ ದಿನ ವಾಕರ್ ಹಿಡಿದು ಬಾತ್‌ರೂಮಿಗೆ ನಡೆದರು.

ಹೋಗುವವರು ಮಾತ್ರೆಗಳನ್ನು ಪಟ್ಟಿ ಸಮೇತ ಒಯ್ಯಿರಿ. ನೀರು ಎಷ್ಟು ಗಂಟೆಯವರೆಗೆ ಅಂತ ಅನಸ್ತೇಶಿಯಾ ಡಾಕ್ಟ್ರ ಕೈಯಲ್ಲೇ ಫೈಲಿನ ಮೇಲೆ ಬರೆಸಿಕೊಳ್ಳಿ. ಬಾಯಿಮಾತಿಗೆ ವಾರ್ಡಿನಲ್ಲಿ ಬೆಲೆ ಇಲ್ಲ.