ಪೂಲ್ ಸೋರ್ತಿದೆ ಅಂತ ಟೈಲ್ಸ್ ಕೀಳಿಸೋ ಮುಂಚೆ ಇದನ್ನ ಓದಿ

ಮೈಸೂರು ಕಡೆ ಮನೇಲೋ ತೋಟದಲ್ಲೋ ಸಣ್ಣ ಪೂಲ್ ಕಟ್ಟಿಸಿಕೊಂಡಿರೋರು ದಯವಿಟ್ಟು ಕೇಳಿ. "ಲೀಕ್ ಹುಡುಕೋದ್ರಲ್ಲಿ ಸ್ಪೆಷಲಿಸ್ಟ್" ಅಂತ ಹೇಳ್ಕೊಂಡು ಬರೋರ ಹತ್ರ ಹುಷಾರು. ನಂದು 1 ಲಕ್ಷ 60 ಸಾವಿರ ಹೋಯ್ತು. ಸೋರೋದು ಮಾತ್ರ ಹಾಗೇ ಇತ್ತು.

ನಮ್ಮದು 20 ಅಡಿಗೆ 10 ಅಡಿ. ಒಂದಿಂಚು ಇಳಿದ್ರೆ ಸುಮಾರು 470 ಲೀಟರ್. ಆವಿಯಾಗಿ ಹೋಗೋದು ಬೇಸಿಗೇಲೂ ದಿನಕ್ಕೆ ಕಾಲಿಂಚಿನ ಆಸುಪಾಸು. ನಮ್ಮಲ್ಲಿ ಇಂಚಿನ ಮೇಲೇ ಇಳೀತಿತ್ತು. ಗೋಡೇಲಿ ಬಿರುಕಿಲ್ಲ, ಸುತ್ತ ಎಲ್ಲೂ ತೇವ ಇಲ್ಲ. ಬೋರ್ ನೀರು ಸಾಲದೆ ಟ್ಯಾಂಕರ್ ತರಿಸ್ತಿದ್ದೆ.

ಬಂದೋನು ಸಿರಿಂಜಲ್ಲಿ ನೀಲಿ ಬಣ್ಣ ತುಂಬ್ಕೊಂಡು ನೀರಿಗಿಳಿದ. ತಳದ ಡ್ರೈನ್ ಜಾಲರಿ ಪಕ್ಕದ ಟೈಲ್ಸ್ ಸಂದಿ ಹತ್ರ ಬಿಟ್ಟ. ಬಣ್ಣ ಗೆರೆ ಎಳೆದ ಹಾಗೆ ಅತ್ತ ಹೋಯ್ತು. "ನೋಡಿ ಸಾರ್, ಹೆಂಗೆ ಎಳ್ಕೊತಾ ಇದೆ! ತಳವೇ ಹೋಗಿದೆ. ಪೂರ್ತಿ ಟೈಲ್ಸ್ ತೆಗೆದು ವಾಟರ್‌ಪ್ರೂಫಿಂಗ್ ಮಾಡ್ಲೇಬೇಕು." ನಾವೆಲ್ಲ ಬಗ್ಗಿ ಬಗ್ಗಿ ನೋಡಿದ್ವಿ. ನಮ್ಮ ಭಾವಮೈದ ವಿಡಿಯೋ ಬೇರೆ ಮಾಡ್ಕೊಂಡ.

ಪಂಪ್ ಓಡ್ತಾ ಇತ್ತು ರೀ! ಪಂಪ್ ಓಡ್ತಿರೋವಾಗ ಡ್ರೈನ್ ಪಕ್ಕ ಬಣ್ಣ ಬಿಟ್ರೆ ಅದು ಇನ್ನೆಲ್ಲಿಗೆ ಹೋಗುತ್ತೆ? ಡ್ರೈನ್ ಇರೋದೇ ನೀರೆಳೆಯೋಕೆ. ಪಂಪ್ ನಿಲ್ಲಿಸಿ, ನೀರು ಅಲುಗಾಡದೆ ನಿಂತ ಮೇಲೆ ಮಾಡೋ ಪರೀಕ್ಷೆ ಅದು. ಈ ಕೆಲಸವನ್ನೇ ಹೊಟ್ಟೆಪಾಡು ಮಾಡ್ಕೊಂಡೋನಿಗೆ ಇಷ್ಟು ಗೊತ್ತಿರಲ್ವಾ? ಆ ವಿಡಿಯೋ ಈಗ ನೋಡಿದ್ರೆ ಮೈ ಉರಿಯುತ್ತೆ, ಹಿಂದೆ ಪಂಪ್ ಸದ್ದು ಸ್ಪಷ್ಟವಾಗಿ ಕೇಳ್ಸುತ್ತೆ.

ನೀರೆಲ್ಲ ಖಾಲಿ ಮಾಡಿಸಿದ, ಟೈಲ್ಸ್ ಕಿತ್ತ, ಏನೋ ಕೆಮಿಕಲ್ ಬಳಿದ, ಹೊಸ ಟೈಲ್ಸ್ ಹಾಕಿದ. ತುಂಬಿಸಿ ಪಂಪ್ ಹಾಕಿದ್ವಿ. ಮತ್ತೆ ಇಂಚಿನ ಮೇಲೆ ಇಳೀತು.

ಫೋನ್ ಮಾಡಿದ್ರೆ, "ಹೊಸ ಟೈಲ್ಸ್ ನೀರು ಕುಡಿಯುತ್ತೆ ಸಾರ್, ಸೆಟ್ ಆಗ್ಲಿ." ಟೈಲ್ಸ್ ದಿನಾ 500 ಲೀಟರ್ ಕುಡಿಯುತ್ತಾ? ಆಮೇಲೆ, "ನಾವು ಮಾಡಿದ್ದು ಸರಿಯಾಗಿದೆ, ಇದು ಹೊಸ ಲೀಕ್." ಕೊನೆಗೆ ವಾಟ್ಸಾಪಲ್ಲಿ, "ವಾರಂಟಿ ವಾಟರ್‌ಪ್ರೂಫಿಂಗ್‌ಗೆ ಮಾತ್ರ. ಪ್ಲಂಬಿಂಗ್ ನಮಗೆ ಬರಲ್ಲ." ಪ್ಲಂಬಿಂಗ್ ಬರದೋನು ಲೀಕ್ ಹುಡುಕೋಕೆ ಯಾಕಪ್ಪ ಬಂದೆ?

ಹೋಟೆಲ್ ಪೂಲ್ ನೋಡ್ಕೊಳ್ಳೋ ಒಬ್ಬ ಪ್ಲಂಬರ್‌ನ ಕರೆಸಿದೆ. ಅವರು ನೀರಿಗೆ ಇಳೀಲೇ ಇಲ್ಲ. "ಪಂಪ್ ಆಫ್ ಇದ್ದಾಗ ಎಷ್ಟು ಇಳಿಯುತ್ತೆ?" ಅಂದ್ರು. ಆ ಸ್ಪೆಷಲಿಸ್ಟ್ ಈ ಪ್ರಶ್ನೇನೇ ಕೇಳಿರಲಿಲ್ಲ! ರಾತ್ರಿ ಆಫ್ ಮಾಡಿ ನೋಡಿದ್ವಿ, ಇಳೀಲಿಲ್ಲ ಅನ್ನಬಹುದು. ಬೆಳಿಗ್ಗೆ ಪಂಪ್ ಹಾಕಿ, ಸೀದಾ ಮನೆ ಹಿಂದಿನ ಮೋರಿಗೆ ಹೋದ್ರು. ಬ್ಯಾಕ್‌ವಾಶ್ ಪೈಪಿಂದ, ಅಂದ್ರೆ ಫಿಲ್ಟರ್ ತೊಳೆದ ನೀರು ಹೊರಗೆ ಹೋಗೋ ವೇಸ್ಟ್ ಲೈನಿಂದ, ನೀರು ಸಣ್ಣಗೆ ಸುರೀತಾ ಇತ್ತು. ಫಿಲ್ಟರ್ ಮೇಲಿನ ಮಲ್ಟಿಪೋರ್ಟ್ ವಾಲ್ವ್ (ಹಿಡಿಕೆ ತಿರುಗಿಸಿ ನೀರು ಯಾವ ಕಡೆ ಹೋಗ್ಬೇಕು ಅಂತ ಬದಲಿಸೋದು) ಒಳಗಿನ ರಬ್ಬರ್ ಗ್ಯಾಸ್ಕೆಟ್ ಸವೆದಿತ್ತು. ಹಿಡಿಕೆ 'ಫಿಲ್ಟರ್'ನಲ್ಲೇ ಇದ್ರೂ ಒಂದಷ್ಟು ನೀರು ವೇಸ್ಟ್ ಲೈನಿಗೆ ನುಸುಳ್ತಿತ್ತು. ಆ ಪೈಪು ನೆಲದೊಳಗೇ ಹೋಗೋದು, ಅದಕ್ಕೇ ಎಲ್ಲೂ ತೇವ ಕಂಡಿರಲಿಲ್ಲ. ಗ್ಯಾಸ್ಕೆಟ್ಟು, ಕೂಲಿ ಸೇರಿ 2 ಸಾವಿರದೊಳಗೆ ಮುಗೀತು. ಭಾವಮೈದ ಇನ್ನೂ ನಗ್ತಿದ್ದಾನೆ.

ಯಾರನ್ನಾದ್ರೂ ಕರೆಯೋ ಮುಂಚೆ ಒಂದು ಬಕೆಟ್‌ಗೆ ಪೂಲ್ ನೀರೇ ತುಂಬಿ ಪೂಲ್ ಒಳಗಿನ ಮೆಟ್ಟಿಲ ಮೇಲಿಡಿ. ಒಳಗೆ, ಹೊರಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ. 24 ಗಂಟೆ ಪಂಪ್ ಹಾಕಿ ನೋಡಿ, ಇನ್ನೊಂದು 24 ಗಂಟೆ ನಿಲ್ಲಿಸಿ ನೋಡಿ. ಎರಡೂ ಗುರುತು ಒಂದೇ ಸಮ ಇಳಿದ್ರೆ ಆವಿ. ಪಂಪ್ ಹಾಕಿದಾಗ ಮಾತ್ರ ಪೂಲ್ ಜಾಸ್ತಿ ಇಳಿದ್ರೆ ಮೊದಲು ವಾಲ್ವು, ಪೈಪು ನೋಡಿಸಿ. ಪೈಪಿಗೆ ಪ್ರೆಶರ್ ಟೆಸ್ಟ್ (ಒತ್ತಡ ಕೊಟ್ಟು ಸೋರುತ್ತಾ ನೋಡೋದು) ಮಾಡದೆ ಟೈಲ್ಸ್ ಮುಟ್ಟೋಕೆ ಬಿಡಬೇಡಿ.

ಅವನು ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ಮಾಡ್ಲಿ. ಬಿಲ್ ಇದೆ, ಮೆಸೇಜ್ ಇದೆ, ವಿಡಿಯೋ ಇದೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದೊಳಗಿನ ದೂರಿಗೆ ಶುಲ್ಕ ಇಲ್ಲ, ಅಲ್ಲಿಗೇ ಹೋಗ್ತಿದ್ದೀನಿ.