ಮೆಷಿನ್ ತಗೊಳ್ಳಿ, ತಟ್ಟೆ ನಾವೇ ಕೊಳ್ಳುತ್ತೇವೆ ಅನ್ನುವವರು ಬಂದರೆ

ಉಡುಪಿ, ಮಂಗಳೂರು ಕಡೆಯವರು ದಯವಿಟ್ಟು ಓದಿ. ಅದರಲ್ಲೂ ಗಲ್ಫ್‌ನಿಂದ ವಾಪಸ್ ಬಂದು, ಕೈಯಲ್ಲಿ ಸ್ವಲ್ಪ ದುಡ್ಡು ಇಟ್ಟುಕೊಂಡು, ಊರಲ್ಲೇ ಎಂತಾದರೂ ಸಣ್ಣ ಬಿಸಿನೆಸ್ ಮಾಡೋಣ ಅಂತ ಇರುವವರು ಪೂರ್ತಿ ಓದಿ. ಅವರು ಹುಡುಕಿಕೊಂಡು ಬರುವುದು ನಿಮ್ಮನ್ನೇ.

ನಮ್ಮದು ಅಡಿಕೆ ಹಾಳೆ ತಟ್ಟೆಯ ಕಥೆ. ಕಂಪನಿಯವರು ತಟ್ಟೆ ಮಾಡುವ ಮೆಷಿನ್ ಮಾರುತ್ತಾರೆ, ನೀವು ಮಾಡಿದ ತಟ್ಟೆಯನ್ನೆಲ್ಲ ತಾವೇ ವಾಪಸ್ ಕೊಳ್ಳುತ್ತೇವೆ ಅನ್ನುತ್ತಾರೆ. ಬೈಬ್ಯಾಕ್ ಅಂತ ಇದರ ಹೆಸರು. ಹಾಳೆ ತಟ್ಟೆ ಮಾತ್ರ ಅಲ್ಲ, ಕರ್ಪೂರ, ಹತ್ತಿ ಬತ್ತಿ, ಊದುಬತ್ತಿ, ಪೇಪರ್ ಪ್ಲೇಟ್, ಎಲ್ಲದರಲ್ಲೂ ಇದೇ ಆಟ ಉಂಟು.

ಮಂಗಳೂರಿನ ಒಂದು ಹೋಟೆಲಿನ ಹಾಲ್‌ನಲ್ಲಿ ಡೆಮೊ ಇಟ್ಟಿದ್ದರು. ಕಾಫಿ, ತಿಂಡಿ, ಟೈ ಕಟ್ಟಿದ ಹುಡುಗರು. ಹೇಳಿದ ಮಾತುಗಳಲ್ಲಿ ಅರ್ಧ ನಿಜವೇ ಆಗಿತ್ತು, ಅಲ್ಲೇ ಇರುವುದು ಜಾಣತನ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಚಮಚಕ್ಕೆ 2022ರ ಜುಲೈ 1ರಿಂದ ದೇಶಪೂರ್ತಿ ನಿಷೇಧ, ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಬಂದಿದೆ. ಹಾಗಾಗಿ ಹಾಳೆ ತಟ್ಟೆಗೆ ಭಾರೀ ಬೇಡಿಕೆ, ಅಮೆರಿಕಕ್ಕೆ ಕಂಟೇನರ್‌ಗಟ್ಟಲೆ ಹೋಗುತ್ತದೆ ಅಂದರು. ಆಮೇಲೆ ಪರದೆಯ ಮೇಲೆ ಲೆಕ್ಕ ಬಂತು. ಹಾಳೆಗೆ 1 ರೂಪಾಯಿ, ಕರೆಂಟು ಕೂಲಿ ಸೇರಿ ಇನ್ನೊಂದು ರೂಪಾಯಿ, ಕಂಪನಿ ಒಂದು ತಟ್ಟೆಗೆ ಕೊಡುವುದು 4 ರೂಪಾಯಿ. ದಿನಕ್ಕೆ ಸಾವಿರ ತಟ್ಟೆ, ತಿಂಗಳಿಗೆ 30 ದಿನ, ವರ್ಷಕ್ಕೆ 12 ತಿಂಗಳು.

ಆ 12 ತಿಂಗಳು ಅನ್ನುವುದನ್ನು ತೋಟ ಇರುವ ಯಾರಿಗಾದರೂ ಹೇಳಿ ನೋಡಿ, ನಗುತ್ತಾರೆ. ಹಾಳೆ ಕೆಲಸಕ್ಕೆ ಬರುವುದು ಮಳೆ ಇಲ್ಲದ ತಿಂಗಳುಗಳಲ್ಲಿ ಬಿದ್ದರೆ ಮಾತ್ರ. ಬಿದ್ದದ್ದನ್ನು ಬೇಗ ಹೆಕ್ಕಬೇಕು, ಬಿಸಿಲಿಗೆ ಒಣಗಿಸಬೇಕು, ಕಟ್ಟು ಕಟ್ಟಿ ಒಳಗೆ ಇಡಬೇಕು. ಒಂದು ಮರ ವರ್ಷಕ್ಕೆ ಉದುರಿಸುವುದೇ ಆರೇಳು ಹಾಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಊರಿನ ಮಳೆಯಲ್ಲಿ ಬಿದ್ದದ್ದು ಕೊಳೆತು ಗೊಬ್ಬರ ಆಗುತ್ತದೆ. ಅಂದರೆ ವರ್ಷಕ್ಕೆ ಬೇಕಾದ ಹಾಳೆಯನ್ನು ನಾಲ್ಕೈದು ತಿಂಗಳಲ್ಲಿ ಕೈಯಿಂದ ದುಡ್ಡು ಹಾಕಿ ಕೊಂಡಿಡಬೇಕು. ಇಟ್ಟ ಜಾಗ ಸ್ವಲ್ಪ ತಂಪಾದರೂ ಬೂಸ್ಟು ಬರುತ್ತದೆ, ಹಾಳೆಗೂ ಬರುತ್ತದೆ, ಮಾಡಿಟ್ಟ ತಟ್ಟೆಗೂ ಬರುತ್ತದೆ. ಅದೇ ಹೊತ್ತಿಗೆ ತುಳುನಾಡಿನ ಆಟಿ ತಿಂಗಳು (ಜುಲೈ-ಆಗಸ್ಟ್). ಮದುವೆ ಇಲ್ಲ, ಭೂತಕೋಲ ಇಲ್ಲ, ಊರಲ್ಲಿ ತಟ್ಟೆ ಕೇಳುವವರೇ ಇಲ್ಲ. ಇದೆಲ್ಲ ಅವರ ಪರದೆಯಲ್ಲಿ ಇರಲಿಲ್ಲ. ನಾನು ಕೇಳಿದೆ. "ಮೇಡಂ, ಮಾರ್ಕೆಟ್ ತಲೆನೋವು ನಮ್ಮದು, ನೀವು ಸುಮ್ನೆ ಮಾಡಿ ಕಳಿಸಿ" ಅಂದರು.

ಇನ್ನು ಸಬ್ಸಿಡಿ. ಸಣ್ಣ ಘಟಕ ಶುರು ಮಾಡುವವರಿಗೆ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯಲ್ಲಿ 35 ಪರ್ಸೆಂಟ್ ವಾಪಸ್ ಬರುತ್ತದೆ, ಫೈಲ್ ನಾವೇ ಮಾಡುತ್ತೇವೆ, ಮೊದಲು ಮೆಷಿನ್ ತಗೊಳ್ಳಿ, ಹಿಂದೆಯೇ ಸಬ್ಸಿಡಿ ಅಂದರು. ಫೈಲ್ ಚಾರ್ಜ್ ಅಂತ 25 ಸಾವಿರ ಬೇರೆ. ಯೋಜನೆ ನಿಜವಾದದ್ದೇ ಮಾರಾಯ್ರೆ, ಒಳ್ಳೆಯದೇ. ತಯಾರಿಕಾ ಘಟಕಕ್ಕೆ 50 ಲಕ್ಷದ ತನಕದ ಪ್ರಾಜೆಕ್ಟ್ ಹಾಕಬಹುದು. ಹಳ್ಳಿಯಲ್ಲಿ ಮಾಡುವ ಹೆಂಗಸರಿಗೆ 35 ಪರ್ಸೆಂಟ್ ಅನ್ನುವುದೂ ಸರಿ. ಆದರೆ ಅದು ಬ್ಯಾಂಕ್ ಸಾಲದ ಜೊತೆ ಬರುವ ಸಬ್ಸಿಡಿ, ಹೊಸ ಘಟಕಕ್ಕೆ ಮಾತ್ರ. ಮೊದಲೇ ಸ್ವಂತ ದುಡ್ಡಲ್ಲಿ ಮೆಷಿನ್ ಕೂರಿಸಿ ಶುರು ಮಾಡಿದವರಿಗೆ ಇಲ್ಲ. ಮಂಜೂರಾದರೂ ಕೈಗೆ ಬರುವುದಿಲ್ಲ, 3 ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇದ್ದು ಆಮೇಲೆ ಸಾಲಕ್ಕೆ ಹೊಂದಿಕೆ ಆಗುತ್ತದೆ. ಅರ್ಜಿಗೆ ಶುಲ್ಕವೇ ಇಲ್ಲ. ಇದನ್ನೆಲ್ಲ ಹೇಳಿದ್ದು ಜಿಲ್ಲಾ ಕೈಗಾರಿಕಾ ಕೇಂದ್ರದ ಒಬ್ಬರು, ನಮ್ಮ ಹೆಸರಲ್ಲಿ ಯಾವ ಅರ್ಜಿಯೂ ಬಂದಿಲ್ಲ ಅಂತ ಕಂಪ್ಯೂಟರ್ ನೋಡಿ ಹೇಳಿದ ಮೇಲೆ. ಅಷ್ಟು ಹೊತ್ತಿಗೆ ನಾಲ್ಕೂವರೆ ಲಕ್ಷ ಕೊಟ್ಟಾಗಿತ್ತು, ಗಂಡನ ದುಬೈ ದುಡಿಮೆ. ಅಂಥದ್ದೇ ಮೆಷಿನ್ ಶಿವಮೊಗ್ಗ, ಕೊಯಮತ್ತೂರು ಕಡೆ ಅದರ ಸುಮಾರು ಅರ್ಧ ಬೆಲೆಗೆ ಸಿಗುತ್ತದೆ ಅಂತ ಆಮೇಲೆ ಕಾರ್ಕಳದ ಕಡೆ ಇದೇ ಕೆಲಸ ಮಾಡುವವರೊಬ್ಬರು ಹೇಳಿದರು. ಅಲ್ಲಿಗೆ ಕಂಪನಿಯ ಲಾಭ ಯಾವುದರಲ್ಲಿ ಅಂತ ಗೊತ್ತಾಯಿತಲ್ಲ? ತಟ್ಟೆಯಲ್ಲಿ ಅಲ್ಲವೇ ಅಲ್ಲ. ಮೆಷಿನ್ ಮಾರಿದ ದಿನವೇ ಅವರ ಬಿಸಿನೆಸ್ ಮುಗಿದಿರುತ್ತದೆ.

ಮೆಷಿನ್ ಬಂತು, ಓಡಿತು ಕೂಡ. ಹಾಳೆ ನೆನೆಸುವುದು, ಬ್ರಷ್ ಹಾಕಿ ತಿಕ್ಕುವುದು, ನೀರು ಬಸಿಯಲು ನಿಲ್ಲಿಸುವುದು, ಬಿಸಿ ಡೈ (ಅಚ್ಚು) ಮೇಲೆ ಇಟ್ಟು ಒತ್ತುವುದು, ಅಂಚು ಸರಿ ಮಾಡುವುದು. ದಿನಕ್ಕೆ ಸಾವಿರ ಅನ್ನುವುದು ಮಾತಿಗೆ ಮಾತ್ರ, ಇಬ್ಬರು ಕೂತರೂ ಅದರ ಅರ್ಧ ಮುಟ್ಟುವುದು ಕಷ್ಟ. ಇರಲಿ. ಮೊದಲ ಲೋಡ್ ರಟ್ಟಿನ ಬಾಕ್ಸ್‌ಗಳಲ್ಲಿ ತುಂಬಿ ಲಾರಿ ಟ್ರಾನ್ಸ್‌ಪೋರ್ಟ್‌ಗೆ ಹಾಕಿದೆವು. ಸ್ವಲ್ಪ ದಿನಕ್ಕೆ ಪೂರ್ತಿ ವಾಪಸ್ ಬಂತು. ರಿಜೆಕ್ಟ್. ಕಾರಣ, ತಟ್ಟೆಯಲ್ಲಿ ಕಪ್ಪು ಚುಕ್ಕೆ ಇದೆ, ದಪ್ಪ ಒಂದೇ ಸಮ ಇಲ್ಲ.

ಹಾಳೆ ಅಂದ ಮೇಲೆ ಚುಕ್ಕೆ ಇದ್ದೇ ಇರುತ್ತದೆ, ಅದು ಫ್ಯಾಕ್ಟರಿಯ ಕಾಗದ ಅಲ್ಲ. ಆದರೂ ಯಾವ ತಟ್ಟೆ ಕೆಟ್ಟಿದೆ ನೋಡೋಣ ಅಂತ ಬಾಕ್ಸ್ ಬಿಚ್ಚಲು ಹೋದರೆ, ಅದರ ಮೇಲೆ ಇದ್ದದ್ದು ನಾನು ಹಾಕಿದ್ದೇ ಟೇಪ್. ಕಂದು ಟೇಪ್ ಮುಗಿದು ಕೊನೆಯ ಬಾಕ್ಸ್‌ಗಳಿಗೆ ಮಗಳ ಸ್ಕೂಲ್ ಕೆಲಸದ ನೀಲಿ ಟೇಪ್ ಸುತ್ತಿದ್ದೆ. ಅದೂ ಹಾಗೇ ಇತ್ತು. ಒಂದು ಬಾಕ್ಸನ್ನೂ ತೆರೆಯದೆ ಒಳಗಿನ ಚುಕ್ಕೆ ಕಂಡವರು ಅವರು. ಹೋಗುವ ಬಾಡಿಗೆಯೂ ನಮ್ಮದು, ಬರುವ ಬಾಡಿಗೆಯೂ ನಮ್ಮದು.

ಅಗ್ರಿಮೆಂಟ್ ಸ್ಟಾಂಪ್ ಪೇಪರ್ ಮೇಲೆಯೇ ಆಗಿದೆ, ನೋಟರಿ ಸೀಲ್ ಕೂಡ ಉಂಟು. ಆದರೆ ಅದರಲ್ಲಿ ಎರಡು ಸಾಲು ಇರುತ್ತವೆ, ನಿಮಗೆ ಸಿಗುವ ಅಗ್ರಿಮೆಂಟಿನಲ್ಲೂ ಇರುತ್ತವೆ, ಹುಡುಕಿ. ಒಂದು, ಕಂಪನಿಯ ಗುಣಮಟ್ಟಕ್ಕೆ ಒಪ್ಪುವ ಮಾಲು ಮಾತ್ರ ಖರೀದಿ, ಕಂಪನಿಯ ತೀರ್ಮಾನವೇ ಅಂತಿಮ. ಗುಣಮಟ್ಟ ಅಂದರೆ ಎಷ್ಟು ಮಿಲಿಮೀಟರ್ ದಪ್ಪ, ಎಷ್ಟು ಚುಕ್ಕೆ, ಎಷ್ಟು ತೇವ, ಒಂದನ್ನೂ ಬರೆದಿರುವುದಿಲ್ಲ. ಇನ್ನೊಂದು, ತಕರಾರು ಬಂದರೆ ಅವರ ಊರಿನ ಕೋರ್ಟು. ಅಳತೆ ಬರೆದು ಕೊಡಿ, ಎಷ್ಟು ದಿನದಲ್ಲಿ ದುಡ್ಡು ಕೊಡುತ್ತೀರಿ ಅಂತಲೂ ಬರೆದು ಕೊಡಿ ಅಂತ ಕೇಳಿ. ನಿಜವಾಗಿ ತಟ್ಟೆ ಬೇಕಾದವರು ಬರೆದು ಕೊಡುತ್ತಾರೆ.

ಎರಡನೇ ಲೋಡ್‌ಗೂ ಅದೇ ಗತಿ. ಆಮೇಲೆ ಸರ್ ಮೀಟಿಂಗ್‌ನಲ್ಲಿ ಇದ್ದಾರೆ, ಸರ್ ಊರಲ್ಲಿ ಇಲ್ಲ, ಒಂದು ತಿಂಗಳು ಕಾಯಿರಿ. ಆಫೀಸಿಗೆ ಹೋದರೆ ಬೀಗ. 15 ವರ್ಷದ ಅನುಭವ ಅಂದಿದ್ದರಲ್ಲ, ಅವರ ಜಿಎಸ್‌ಟಿ ನಂಬರನ್ನು ಪೋರ್ಟಲ್‌ನಲ್ಲಿ ಹಾಕಿ ನೋಡಿದರೆ ನೋಂದಣಿ ಆದದ್ದು ನಮ್ಮ ಡೆಮೊದ ಹಿಂದಿನ ವರ್ಷ. ಅದನ್ನು ಯಾರು ಬೇಕಾದರೂ ನೋಡಬಹುದು, ಲಾಗಿನ್ ಬೇಡ. ಹೆಸರು, ನೋಂದಣಿ ದಿನಾಂಕ, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಕಾಣುತ್ತದೆ. ಈಗ ಅದೇ ದನಿಯ ಜಾಹೀರಾತು ಬೇರೆ ಹೆಸರಲ್ಲಿ ಫೇಸ್‌ಬುಕ್‌ನಲ್ಲಿ ಓಡುತ್ತಿದೆ, ಈ ಸಲ ಹತ್ತಿ ಬತ್ತಿ.

ಇನ್ನೊಂದು ವಿಷಯ. ಅಮೆರಿಕದ ಎಕ್ಸ್‌ಪೋರ್ಟ್ ಕಥೆ ಈಗಲೂ ಹೇಳುತ್ತಾರೆ. 2025ರಲ್ಲಿ ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆಯಲ್ಲಿರುವ ಅರೆಕೊಲಿನ್‌ನಂಥ ವಿಷಕಾರಿ ಅಂಶ ಹಾಳೆಯಿಂದ ಊಟಕ್ಕೆ ಇಳಿಯಬಹುದು ಅಂತ ಹೇಳಿ ಅಡಿಕೆ ಹಾಳೆ ತಟ್ಟೆಯ ಆಮದಿಗೆ ತಡೆ ಹಾಕಿದೆ. ಅದು ಸರಿಯೋ ತಪ್ಪೋ ಬೇರೆ ಚರ್ಚೆ. ಆದರೆ ಅಮೆರಿಕ ಹೆಸರು ಹೇಳಿ ಮೆಷಿನ್ ಮಾರುವವರನ್ನು ಈ ಒಂದು ಪ್ರಶ್ನೆ ಕೇಳಿ ನೋಡಿ, ಮುಖ ಬದಲಾಗುತ್ತದೆ.

ಹಾಗಂತ ಹಾಳೆ ತಟ್ಟೆ ಬಿಸಿನೆಸ್ಸೇ ಕೆಟ್ಟದು ಅಂತ ನಾನು ಹೇಳುವುದಿಲ್ಲ. ಕಾರ್ಕಳದ ಆ ಪುಣ್ಯಾತ್ಮರು ಬದುಕುತ್ತಿರುವುದು ಇದರಲ್ಲೇ. ಅವರು ಮೊದಲು ಹಿಡಿದದ್ದು ಕೇಟರಿಂಗ್‌ನವರನ್ನು, ಆಮೇಲೆ ಕೊಂಡದ್ದು ಮೆಷಿನ್. ಬೇರೆಯವರ ತಟ್ಟೆ ತಂದು ಒಂದು ಸೀಸನ್ ಮಾರಿ ನೋಡಿದರಂತೆ, ಯಾವ ಸೈಜ್ ಓಡುತ್ತದೆ, ಯಾರು ಉದ್ರಿ ಹೇಳುತ್ತಾರೆ, ಎಲ್ಲ ಗೊತ್ತಾದ ಮೇಲೆ ಡೈ ತರಿಸಿದ್ದು. ತರಬೇತಿ ಬೇಕಿದ್ದರೆ ಉಜಿರೆಯಲ್ಲಿ, ಬ್ರಹ್ಮಾವರದಲ್ಲಿ ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಉಂಟು. ಉಜಿರೆಯದ್ದು 1982ರಿಂದ ನಡೆಯುತ್ತಿದೆ, ಊಟ, ವಸತಿ ಎಲ್ಲ ಉಚಿತ. ಹೋಟೆಲ್ ಡೆಮೊಗೆ ಹೋಗುವ ಮೊದಲು ಅಲ್ಲಿಗೆ ಒಂದು ಫೋನ್ ಮಾಡಿ. ನಮ್ಮ ಮೆಷಿನ್ ಈಗ ಮದುವೆ ಸೀಸನ್‌ನಲ್ಲಿ ಮಾತ್ರ ಓಡುತ್ತದೆ, ಉಡುಪಿಯ ಇಬ್ಬರು ಕೇಟರಿಂಗ್‌ನವರು ತಗೊಳ್ಳುತ್ತಾರೆ.

ದುಡ್ಡು ಕೊಟ್ಟಾಗಿದ್ದರೆ ಇಷ್ಟು ಕೇಳಿ. ಠಾಣೆಯಲ್ಲಿ ಇದು ಸಿವಿಲ್ ವ್ಯವಹಾರ ಅಂತ ಕಳಿಸಬಹುದು, ನಮ್ಮನ್ನೂ ಕಳಿಸಿದರು. ಗ್ರಾಹಕ ಆಯೋಗಕ್ಕೆ ಹೋಗಿ. ಬಿಸಿನೆಸ್‌ಗೆ ಕೊಂಡದ್ದು, ನೀವು ಗ್ರಾಹಕರೇ ಅಲ್ಲ ಅಂತ ಎದುರಿನ ವಕೀಲರು ಹೇಳಿಯೇ ಹೇಳುತ್ತಾರೆ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಅಂತ ಕೊಂಡವರನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಗ್ರಾಹಕರು ಅಂತಲೇ ಒಪ್ಪುತ್ತದೆ. ಹಾಗಾಗಿ ಮನೆಯವರೇ ಕೂತು ಕೆಲಸ ಮಾಡಿದ್ದಕ್ಕೆ ಫೋಟೋ, ಕರೆಂಟ್ ಬಿಲ್ ಎಲ್ಲ ಇಟ್ಟುಕೊಳ್ಳಿ. ಕೋರ್ಟು ಅವರ ಊರಲ್ಲಿ ಅಂತ ಬರೆದಿದ್ದರೂ ಹೆದರಬೇಡಿ, ನೀವು ವಾಸ ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಲು ಈ ಕಾಯ್ದೆಯಲ್ಲಿ ಅವಕಾಶ ಇದೆ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ನಮ್ಮ ದೂರು ಉಡುಪಿಯಲ್ಲೇ ನಡೆಯುತ್ತಿದೆ, ಆ ಬಾಕ್ಸ್‌ಗಳ ಫೋಟೋ ಟೇಪ್ ಸಮೇತ ಹಾಕಿದ್ದೇವೆ. ದೂರಿಗೆ 2 ವರ್ಷದ ಗಡುವು ಇದೆ. ಫೋನಿನಲ್ಲಿ ಇನ್ನೊಂದು ತಿಂಗಳು ಕಾಯಿರಿ ಅಂತ ಅಷ್ಟು ಮರ್ಯಾದೆಯಿಂದ ಹೇಳುತ್ತಾರಲ್ಲ, ಅದು ಆ 2 ವರ್ಷ ಕಳೆಯಲಿ ಅಂತಲೇ.