ಡೆಬಿಯನ್: ಆರು ವರ್ಷ, ನಾಲ್ಕು ಆವೃತ್ತಿ, ಒಂದು ಜೆರಾಕ್ಸ್ ಅಂಗಡಿ

ಉಡುಪಿಯ ಕಲ್ಸಂಕದ ಹತ್ತಿರ ನಮ್ಮದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಐದು ಕಂಪ್ಯೂಟರ್ ಇವೆ. ನಾಲ್ಕರಲ್ಲಿ 2019ರ ಕೊನೆಯಿಂದ ವಿಂಡೋಸ್ ಬದಲು ಡೆಬಿಯನ್ ಎಂಬ ಲಿನಕ್ಸ್ ಓಡುತ್ತಿದೆ. 2020ರ ಜನವರಿ 14ರ ನಂತರ ವಿಂಡೋಸ್ 7ಕ್ಕೆ ಅಪ್‌ಡೇಟ್ ಇಲ್ಲ ಎಂದು ಗೊತ್ತಾದಾಗ ಹೊಸ ಮೆಷಿನ್‌ಗೆ ಕೈಯಲ್ಲಿ ದುಡ್ಡಿರಲಿಲ್ಲ. ಪುಕ್ಕಟೆ ಸಿಗುತ್ತದೆ ಅಂತಲೇ ಹಾಕಿದ್ದು, ಸುಳ್ಳು ಯಾಕೆ ಹೇಳಲಿ. ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ ಎಂಬ ಹಗುರದ್ದು. 4 ಜಿಬಿ ರ‍್ಯಾಮ್‌ನ ಹಳೇ ಮೆಷಿನ್‌ಗೆ ಅದು ಸಾಕು.

ಉಡುಪಿಯವರಿಗೆ ಡೆಬಿಯನ್‌ನ ಲೆಕ್ಕ ಬೇಗ ತಲೆಗೆ ಹೋಗುತ್ತದೆ. ಪರ್ಯಾಯದ ಹಾಗೆ, ಎರಡು ವರ್ಷಕ್ಕೊಮ್ಮೆ. ಕೃಷ್ಣ ಮಠದಲ್ಲಿ ಸಮಸಂಖ್ಯೆಯ ವರ್ಷದ ಜನವರಿ. ಡೆಬಿಯನ್‌ನ ಹೊಸ ಆವೃತ್ತಿಗೆ ಬೆಸಸಂಖ್ಯೆಯ ವರ್ಷದ ಮಳೆಗಾಲ. ಆವೃತ್ತಿ 10 ಬಂದದ್ದು 2019ರ ಜುಲೈ, 11 2021ರ ಆಗಸ್ಟ್, 12 2023ರ ಜೂನ್, 13 2025ರ ಆಗಸ್ಟ್. ನಡುವೆ ಭದ್ರತೆಯ ತೇಪೆಗಳು ಮತ್ತು ದೊಡ್ಡ ತಪ್ಪುಗಳ ದುರಸ್ತಿ ಮಾತ್ರ. ಮೆನು ಅಲ್ಲೇ ಇರುತ್ತದೆ, ಬಟನ್ ಅಲ್ಲೇ ಇರುತ್ತದೆ. ಕೌಂಟರಿನ ಹುಡುಗಿ "ಅಣ್ಣಾ, ನಿನ್ನೆ ಇದ್ದದ್ದು ಇವತ್ತು ಕಾಣ್ತಾ ಇಲ್ಲ" ಅಂತ ಕರೆದದ್ದು ನನಗೆ ನೆನಪಿಲ್ಲ. ಅಂಗಡಿ ನಡೆಸುವವನಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಕಷ್ಟ ಇರುವುದು ಆ ಎರಡು ವರ್ಷಕ್ಕೊಮ್ಮೆ ಬರುವ ದಿನದಲ್ಲಿ. ಮೂರು ಸಲವೂ ಏನಾದರೊಂದು ಎಡವಟ್ಟು ಮಾಡಿದ್ದೇನೆ. 10ರಿಂದ 11ಕ್ಕೆ ಹೋಗುವಾಗ ಪ್ಯಾಕೇಜು, ಅಂದರೆ ಸಾಫ್ಟ್‌ವೇರ್ ಕಟ್ಟು, ಎಲ್ಲಿಂದ ಇಳಿಯಬೇಕೆಂದು ಹೇಳುವ ಸೋರ್ಸಸ್ ಲಿಸ್ಟ್‌ನಲ್ಲಿ ಬಸ್ಟರ್ (10ರ ಹೆಸರು) ಅಂತ ಇದ್ದಲ್ಲೆಲ್ಲ ಬುಲ್ಸೈ (11ರ ಹೆಸರು) ಅಂತ ಬದಲಿಸಿದೆ. ಭದ್ರತೆಯ ಸಾಲು ಎರರ್ ಕೊಟ್ಟಿತು. ಆ ಸಾಲು ಬರೆಯುವ ರೀತಿಯೇ 11ರಲ್ಲಿ ಬದಲಾಗಿತ್ತು. ಬಿಡುಗಡೆ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರು, ಓದಬೇಕಿದ್ದವ ನಾನು. ಅದೇ ದಿನ ಮಧ್ಯದಲ್ಲಿ ಕರೆಂಟೂ ಹೋಯಿತು. ಯುಪಿಎಸ್ ಹತ್ತು ನಿಮಿಷ ಎಳೆಯಿತು, ಆಮೇಲೆ ಕತ್ತಲೆ. ಮೆಷಿನ್ ಕಥೆ ಮುಗಿಯಿತು ಅಂದುಕೊಂಡೆ. ಕರೆಂಟ್ ಬಂದ ಮೇಲೆ ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಮುಂದುವರಿಸುವ ಡಿಪಿಕೆಜಿ ಕಮಾಂಡ್ ಕೊಟ್ಟರೆ, ಏನೂ ಆಗದ ಹಾಗೆ ಕೆಲಸ ಮುಂದುವರಿಸಿತು ಮಾರಾಯ್ರೆ! ಈಗ ಆಟಿ ತಿಂಗಳ ಮಳೆಯಲ್ಲಿ ಕೈ ಹಾಕುವುದಿಲ್ಲ. ದೀಪಾವಳಿ ಕಳೆಯಲಿ ಅಂತ ಕಾಯುತ್ತೇನೆ. ಅಷ್ಟರಲ್ಲಿ ಮೊದಲ ತಿದ್ದುಪಡಿ ಆವೃತ್ತಿಯೂ ಬಂದಿರುತ್ತದೆ.

12ಕ್ಕೆ ಹೋದಾಗ ಹಾರ್ಡ್‌ವೇರ್ ಓಡಿಸಲು ಬೇಕಾದ ಫರ್ಮ್‌ವೇರ್‌ಗೆ ಬೇರೆಯೇ ವಿಭಾಗ ಮಾಡಿದ್ದರು, ಅದನ್ನು ಆ ಲಿಸ್ಟ್‌ಗೆ ನಾವೇ ಸೇರಿಸಬೇಕಿತ್ತು. ಸಣ್ಣ ವಿಷಯ. 13ರದ್ದು ನಿಜವಾಗಿ ಕಾಡಿತು. ಇದರಲ್ಲಿ ತಾತ್ಕಾಲಿಕ ಫೈಲುಗಳ ಟಿಎಂಪಿ ಫೋಲ್ಡರ್ ಡಿಸ್ಕ್ ಬಿಟ್ಟು ರ‍್ಯಾಮ್‌ನಲ್ಲಿ ಕೂರುತ್ತದೆ. ನಾವು ಸ್ಕ್ಯಾನ್ ಮಾಡಿದ್ದನ್ನೆಲ್ಲ ಅಲ್ಲೇ ಸುರಿಯುತ್ತಿದ್ದೆವು. ಆಸ್ತಿ ಪತ್ರದ ಇನ್ನೂರು ಪುಟ ಸ್ಕ್ಯಾನ್ ಮಾಡುವಾಗ ಮೆಷಿನ್ ತೆವಳತೊಡಗಿತು. ರೀಸ್ಟಾರ್ಟ್ ಮಾಡಿದೆ. ಅಷ್ಟೂ ಪುಟ ಮಾಯ! ಗಿರಾಕಿ ಎದುರಿಗೇ ಕೂತಿದ್ದರು. ಟಿಎಂಪಿಯನ್ನು ರ‍್ಯಾಮ್‌ನಲ್ಲಿ ಕೂರಿಸುವ ಮೌಂಟನ್ನು ಮಾಸ್ಕ್ ಮಾಡಿದರೆ, ಅಂದರೆ ತಡೆದರೆ, ಹಳೇ ಪದ್ಧತಿಗೆ ಮರಳುತ್ತದೆ. ನಾನು ಸ್ಕ್ಯಾನ್ ಫೋಲ್ಡರ್ ಅನ್ನೇ ಬೇರೆ ಕಡೆ ಇಟ್ಟೆ.

ದಿನನಿತ್ಯದ ನಿರ್ವಹಣೆ ಅಂದರೆ ಹೆಚ್ಚೇನಿಲ್ಲ. ಭದ್ರತೆಯ ಅಪ್‌ಡೇಟ್ ತಾನಾಗಿ ಆಗುತ್ತದೆ. ಒಂದು ಮೆಷಿನ್‌ನಲ್ಲಿ ಆಪ್ಟ್ ಕ್ಯಾಷರ್ ಹಾಕಿದ್ದೇನೆ, ಒಮ್ಮೆ ಇಳಿದ ಪ್ಯಾಕೇಜನ್ನು ಉಳಿದವು ಅಲ್ಲಿಂದಲೇ ಎತ್ತಿಕೊಳ್ಳುತ್ತವೆ.

ಇನ್ನು ಕನ್ನಡ. ಯುನಿಕೋಡ್ ಟೈಪಿಂಗ್‌ಗೆ ತೊಂದರೆ ಇಲ್ಲ. ಟೈಪಿಂಗ್ ತಂತ್ರಾಂಶ ಐಬಸ್‌ನಲ್ಲಿ ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸ ಸಿಗುತ್ತದೆ, ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಅದೇ ಕೀಲಿಗಳು. ಗುಬ್ಬಿ, ನವಿಲು ಫಾಂಟುಗಳು ಪ್ಯಾಕೇಜಿನಲ್ಲೇ ಇವೆ. ಆದರೆ ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ ಅಂತ ಜನ ಪೆನ್‌ಡ್ರೈವ್‌ನಲ್ಲಿ ತರುವುದು ಹತ್ತು ವರ್ಷ ಹಿಂದಿನ ಫೈಲು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಆಸ್ಕಿ ಫಾಂಟಿನದ್ದು. ತೆರೆದರೆ ಇಂಗ್ಲಿಷ್ ಅಕ್ಷರಗಳ ಸಂತೆ. ಯುನಿಕೋಡ್‌ಗೆ ಬದಲಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ. ಹಳೇ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ ರ ಮೊದಲು ಬರಬೇಕು. ದೇವಸ್ಥಾನದ ಕಾಗದದಲ್ಲಿ ತಂತ್ರಿಗಳ ಹೆಸರು ಕೆಟ್ಟರೆ ಯಾರು ಬೈಗುಳ ತಿನ್ನುವುದು? ಹಾಗಾಗಿ ಪ್ರತಿ ಸಾಲೂ ಓದಿ ನೋಡುತ್ತೇನೆ.

ಐದನೆಯ ಮೆಷಿನ್ ವಿಂಡೋಸ್‌ನಲ್ಲೇ ಇದೆ. ಮದುವೆ ಕಾಗದದ ಡಿಸೈನ್‌ಗಳೆಲ್ಲ ವಿಂಡೋಸ್‌ನ ಡಿಸೈನ್ ತಂತ್ರಾಂಶ ಕೋರೆಲ್ ಡ್ರಾದಲ್ಲಿವೆ. ಲಿನಕ್ಸ್‌ನಲ್ಲಿ ಸಿಗುವ ಇಂಕ್‌ಸ್ಕೇಪ್ ಅವನ್ನು ತೆರೆಯುತ್ತದೆ, ಆದರೆ ನಮ್ಮ ಫೈಲುಗಳಲ್ಲಿ ಕನ್ನಡ ಚದುರಿ ಹೋಗುತ್ತದೆ. ಒಂದು ಹಳೇ ಲೇಸರ್ ಪ್ರಿಂಟರ್ ಕೂಡ ಆ ಮೆಷಿನ್‌ಗೇ ಗಂಟು ಬಿದ್ದಿದೆ. ಎರಡು ರಾತ್ರಿ ನಿದ್ದೆಗೆಟ್ಟರೂ ಅದರ ಡ್ರೈವರ್ ಕೂರಲಿಲ್ಲ. ಈಗ ಹೊಸ ಪ್ರಿಂಟರ್ ತೆಗೆದುಕೊಳ್ಳುವ ಮೊದಲು ಲಿನಕ್ಸ್‌ನಲ್ಲಿ ನಡೆಯುತ್ತದಾ ಎಂದು ನೋಡಿಯೇ ಹಣ ಕೊಡುತ್ತೇನೆ.

ಡೆಬಿಯನ್ ಇರುವ ನಾಲ್ಕರಲ್ಲಿ ಒಂದು 32 ಬಿಟ್‌ನದ್ದು. 13ರಲ್ಲಿ ಅಂಥ ಮೆಷಿನ್‌ಗೆ ಜಾಗವಿಲ್ಲ, ಅದು 12ರಲ್ಲೇ ನಿಂತಿದೆ. 2028ರ ಜೂನ್ ತನಕ ದೀರ್ಘಾವಧಿ ಬೆಂಬಲ ಇದೆ. ಅಲ್ಲಿವರೆಗೆ ಬಿಲ್ ಬರೆಯಲಿ. ಆಮೇಲೆ ಗುಜರಿಯವನು ಬರುತ್ತಾನೆ.